ಮೂರು ಅಂದಾಜುಗಳ ಗಣಿತ: ಪರ್ಟ್ ವಿಧಾನದ ಬೋಧನೆಯನ್ನು ಕುರಿತು ಒಂದು ವಿಮರ್ಶೆ

ಅನ್ವಯಿಕ ಗಣಿತವನ್ನೂ ಯೋಜನಾ ನಿರ್ವಹಣೆಯನ್ನೂ ಜೊತೆಜೊತೆಯಾಗಿ ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಆ ಎರಡು ವಿದ್ಯೆಗಳು ಒಂದನ್ನೊಂದು ಸಂಧಿಸುವ ಸ್ಥಳವಾಗಿ ಮೊಟ್ಟಮೊದಲು ಕಾಣಿಸುವುದು ಪರ್ಟ್ ಎಂಬ ವಿಧಾನ. ಪ್ರೋಗ್ರಾಂ ಇವ್ಯಾಲ್ಯುಯೇಷನ್ ಅಂಡ್ ರಿವ್ಯೂ ಟೆಕ್ನಿಕ್ ಎಂಬ ಉದ್ದವಾದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಈ ಮಾತು ಇಂದು ಎಂಜಿನಿಯರಿಂಗ್, ವಾಣಿಜ್ಯ, ಗಣಿತ, ಸಂಖ್ಯಾಶಾಸ್ತ್ರ ಮುಂತಾದ ಹಲವು ವಿಭಾಗಗಳ ಪಠ್ಯಕ್ರಮದಲ್ಲಿ ಸ್ಥಾನ ಪಡೆದಿದೆ. ಕಲಿಸುವವರೂ ಕಲಿಯುವವರೂ ಇದನ್ನು ಸುಲಭವಾದ ಪಾಠವೆಂದೇ ಎಣಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಸುಲಭವಾದದ್ದಲ್ಲ. ಸುಲಭವೆಂಬಂತೆ ಕಲಿಸುತ್ತಿರುವುದರಿಂದಲೇ ಇದರಲ್ಲಿರುವ ಒಂದು ದೋಷ ವಿದ್ಯಾರ್ಥಿಗಳ ಕಣ್ಣಿಗೆ ಬೀಳದೆ ಉಳಿದುಕೊಂಡಿದೆ. ಆ ದೋಷ ಒಮ್ಮೆ ಅತ್ತ, ಒಮ್ಮೆ ಇತ್ತ ಬೀಳುವಂಥದಲ್ಲ. ಒಂದೇ ಕಡೆಗೆ ವಾಲುವಂಥದು. ಕೆಲಸವು ನಿಜವಾಗಿ ಮುಗಿಯಬಹುದಾದ ದಿನಕ್ಕಿಂತ ಮುಂಚಿನ ದಿನವನ್ನು ಹೇಳುವುದೇ ಅದರ ಸ್ವಭಾವ. ಇದು ಹೇಗೆಂಬುದನ್ನು ತೋರಿಸಿ, ವಿಶ್ವವಿದ್ಯಾನಿಲಯದ ಬೋಧನಾಕ್ರಮದಲ್ಲಿ ಇದು ಮರೆಯಾಗಿರುವುದಕ್ಕೆ ಕಾರಣವೇನೆಂದು ವಿಚಾರ ಮಾಡುವುದು ನಮ್ಮ ಉದ್ದೇಶ.

ವಿಧಾನದ ಸ್ವರೂಪವನ್ನು ಮೊದಲು ನೆನಪಿಗೆ ತಂದುಕೊಳ್ಳೋಣ. ಒಂದು ದೊಡ್ಡ ಕಾಮಗಾರಿಯನ್ನು ಅನೇಕ ಚಿಕ್ಕ ಕಾರ್ಯಗಳಾಗಿ ಒಡೆದು, ಯಾವುದು ಮುಗಿದ ಮೇಲೆ ಯಾವುದು ಆರಂಭವಾಗಬೇಕೆಂಬ ಕ್ರಮವನ್ನು ಬಾಣದ ಗುರುತುಗಳ ಒಂದು ಜಾಲವಾಗಿ ಬರೆಯಲಾಗುತ್ತದೆ. ಪ್ರತಿಯೊಂದು ಕಾರ್ಯಕ್ಕೂ ಅದನ್ನು ಬಲ್ಲವರಿಂದ ಮೂರು ಅಂದಾಜುಗಳನ್ನು ಪಡೆಯಬೇಕು: ಎಲ್ಲವೂ ಅನುಕೂಲವಾದರೆ ಹಿಡಿಯುವ ಕಾಲ, ಸಾಮಾನ್ಯವಾಗಿ ಹಿಡಿಯಬಹುದಾದ ಕಾಲ, ಎಲ್ಲವೂ ಪ್ರತಿಕೂಲವಾದರೆ ಹಿಡಿಯುವ ಕಾಲ. ನಡುವಿನ ಅಂದಾಜನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಅದಕ್ಕೆ ಕೂಡಿಸಿ, ಮೊತ್ತವನ್ನು ಆರರಿಂದ ಭಾಗಿಸಿದರೆ ಆ ಕಾರ್ಯದ ಸರಾಸರಿ ಕಾಲ ದೊರೆಯುತ್ತದೆ. ಗರಿಷ್ಠದಲ್ಲಿ ಕನಿಷ್ಠವನ್ನು ಕಳೆದು ಆರರಿಂದ ಭಾಗಿಸಿದರೆ ಮಾನಕ ವಿಚಲನೆ. ಸರಾಸರಿಗಳನ್ನು ಕೂಡಿಸುತ್ತ ಹೋದರೆ ಜಾಲದಲ್ಲಿ ಅತ್ಯಂತ ದೀರ್ಘವಾದ ದಾರಿ ಯಾವುದೆಂದು ತಿಳಿಯುತ್ತದೆ. ಇದೇ ನಿರ್ಣಾಯಕ ಪಥ. ಆ ಪಥದ ಕಾರ್ಯಗಳ ವಿಚಲನೆಗಳನ್ನು ವರ್ಗಮಾಡಿ ಕೂಡಿಸಿ ವರ್ಗಮೂಲ ತೆಗೆದು, ಪ್ರಸಾಮಾನ್ಯ ವಿತರಣೆಯ ಕೋಷ್ಟಕವನ್ನು ನೋಡಿದರೆ, ಇಂಥ ದಿನದೊಳಗೆ ಕಾಮಗಾರಿ ಮುಗಿಯುವ ಸಂಭವನೀಯತೆ ನೂರಕ್ಕೆ ಇಷ್ಟು ಎಂದು ಹೇಳಬಹುದು. ಪಾಠ ಇಷ್ಟೇ. ಒಂದು ಗಂಟೆಯ ಉಪನ್ಯಾಸ, ಎರಡು ಗಂಟೆಯ ಅಭ್ಯಾಸಗಣಿತ.

ಈ ವಿಧಾನ ಹುಟ್ಟಿದ್ದು ೧೯೫೮ರಲ್ಲಿ, ಅಮೆರಿಕದ ನೌಕಾಸೇನೆಯ ಪೊಲಾರಿಸ್ ಕ್ಷಿಪಣಿಯ ನಿರ್ಮಾಣದ ಸಂದರ್ಭದಲ್ಲಿ. ನೌಕಾಸೇನೆಯ ವಿಶೇಷ ಯೋಜನಾ ಕಚೇರಿ, ಬೂಜ್ ಆಲನ್ ಹ್ಯಾಮಿಲ್ಟನ್ ಎಂಬ ಸಲಹಾಸಂಸ್ಥೆ, ಲಾಕ್‌ಹೀಡ್ ಕಂಪನಿ ಈ ಮೂರೂ ಕಡೆಯವರು ಸೇರಿ ಇದನ್ನು ರೂಪಿಸಿದರು. ಮಾಲ್ಕಮ್, ರೋಸ್‌ಬೂಮ್, ಕ್ಲಾರ್ಕ್, ಫಜಾರ್ ಎಂಬ ನಾಲ್ವರು ಬರೆದ ಪ್ರಬಂಧ ೧೯೫೯ರಲ್ಲಿ 'ಆಪರೇಷನ್ಸ್ ರಿಸರ್ಚ್' ಪತ್ರಿಕೆಯಲ್ಲಿ ಪ್ರಕಟವಾಯಿತು. ೧೯೬೦ರ ಜುಲೈ ೨೦ರಂದು ನೀರಿನೊಳಗಿನ ಜಲಾಂತರ್ಗಾಮಿಯಿಂದ ಪೊಲಾರಿಸ್ ಯಶಸ್ವಿಯಾಗಿ ಹಾರಿತು. ಕ್ಷಿಪಣಿಯ ಕೀರ್ತಿಯಲ್ಲಿ ಪಾಲು ಈ ವಿಧಾನಕ್ಕೂ ಸಂದಿತು. ಅಲ್ಲಿಂದ ಮುಂದೆ ಅದು ಸರ್ಕಾರಿ ಗುತ್ತಿಗೆಗಳಿಗೂ ಕಾರ್ಖಾನೆಗಳಿಗೂ ಕೊನೆಗೆ ತರಗತಿಗಳಿಗೂ ಹರಡಿತು.

ಇದೇ ಕಾಲದಲ್ಲಿ ಇದಕ್ಕೆ ಒಂದು ಸೋದರ ವಿಧಾನವೂ ಹುಟ್ಟಿತ್ತು. ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್, ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆಯ ಜೇಮ್ಸ್ ಕೆಲಿ ಇವರು ರೂಪಿಸಿದ ನಿರ್ಣಾಯಕ ಪಥ ವಿಧಾನ ಅದು. ನಮ್ಮ ಪಠ್ಯಪುಸ್ತಕಗಳು ಈ ಎರಡನ್ನೂ ಒಂದೇ ಅಧ್ಯಾಯದಲ್ಲಿ ಕಟ್ಟಿಹಾಕುವುದರಿಂದ ಇವುಗಳ ಅಂತರ ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಕೆಲಿ ಮತ್ತು ವಾಕರ್ ಅನಿಶ್ಚಯದ ವಿಚಾರಕ್ಕೇ ಹೋಗಲಿಲ್ಲ. ಕಾರ್ಖಾನೆಯ ಕಟ್ಟಡ, ಯಂತ್ರಗಳ ದುರಸ್ತಿ ಇವು ಹಿಂದೆ ಎಷ್ಟೋ ಸಲ ಮಾಡಿದ ಕೆಲಸಗಳಾದುದರಿಂದ ಪ್ರತಿಯೊಂದು ಕಾರ್ಯಕ್ಕೂ ಒಂದೇ ಕಾಲವನ್ನು ಹಿಡಿದರೆ ಸಾಕೆಂದು ಅವರು ಬಗೆದರು. ಅವರು ಕೇಳಿಕೊಂಡ ಪ್ರಶ್ನೆ ಬೇರೆ: ಹೆಚ್ಚು ಹಣ ಕೊಟ್ಟರೆ ಕೆಲಸ ಬೇಗ ಆಗುವುದಾದರೆ, ಒಟ್ಟು ಕಾಮಗಾರಿಯನ್ನು ಒಂದು ದಿನ ಮುಂಚೆ ಮುಗಿಸಲು ಯಾವ ಕಾರ್ಯವನ್ನು ತ್ವರೆಗೊಳಿಸಿದರೆ ಖರ್ಚು ಅತಿ ಕಡಮೆ? ದೀರ್ಘತಮ ದಾರಿ ಒಂದೇ ಇರುವವರೆಗೆ ಉತ್ತರ ಸುಲಭ. ಆ ದಾರಿಯಲ್ಲಿ ಅಗ್ಗವಾದುದನ್ನು ಆರಿಸಿದರಾಯಿತು. ಆದರೆ ಅದನ್ನು ಮೊಟಕುಗೊಳಿಸುತ್ತ ಹೋದಂತೆ ಇನ್ನೊಂದು ದಾರಿಯೂ ಅಷ್ಟೇ ಉದ್ದವಾಗಿ ನಿಲ್ಲುತ್ತದೆ. ಆಮೇಲೆ ಎರಡನ್ನೂ ಒಟ್ಟಿಗೆ ಕಡಿಯಬೇಕು. ಇದು ರೇಖೀಯ ಕಾರ್ಯಕ್ರಮದ ಒಂದು ಸಮಸ್ಯೆಯೆಂದು ಅವರು ಕಂಡರು. ೧೯೬೧ರಲ್ಲಿ ಫಲ್ಕರ್ಸನ್ನನೂ ಕೆಲಿಯೂ ಬೇರೆಬೇರೆಯಾಗಿ ಇದನ್ನು ಕೊಳವೆಗಳ ಜಾಲದಲ್ಲಿ ಪ್ರವಾಹ ಹರಿಯಿಸುವ ಸಮಸ್ಯೆಯಾಗಿ ಮಾರ್ಪಡಿಸಿ ಬಿಡಿಸಿದರು. ಕಾಲಕ್ಕೂ ವೆಚ್ಚಕ್ಕೂ ಇರುವ ಸಂಬಂಧ ನೀರು ಹರಿಯುವುದಕ್ಕೂ ಅದನ್ನು ತಡೆಯುವುದಕ್ಕೂ ಇರುವ ಸಂಬಂಧವಾಗಿ ಪರಿಣಮಿಸುವ ಈ ಪ್ರಕರಣದಲ್ಲಿ ಗಣಿತವು ವ್ಯವಹಾರಕ್ಕೆ ನಿಜವಾಗಿ ಬೆಳಕು ಕೊಡುತ್ತದೆ. ದುರದೃಷ್ಟವಶಾತ್ ಅನೇಕ ತರಗತಿಗಳಲ್ಲಿ ಇದನ್ನು ಅರ್ಧ ಪುಟದಲ್ಲಿ ಮುಗಿಸಿ, ಪರ್ಟ್‌ನ ಸೂತ್ರಕ್ಕೆ ಧಾವಿಸುತ್ತೇವೆ.

ಆ ಸೂತ್ರ ಬಂದದ್ದೆಲ್ಲಿಂದ? ಕಾರ್ಯಕ್ಕೆ ಹಿಡಿಯುವ ಕಾಲ ಬೀಟಾ ವಿತರಣೆಯನ್ನು ಅನುಸರಿಸುತ್ತದೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಹೀಗೆ ಹೇಳುವಾಗ ಅದೊಂದು ಪ್ರಯೋಗಸಿದ್ಧವಾದ ನಿಯಮವೆಂಬ ಭಾವನೆ ಹುಟ್ಟುತ್ತದೆ. ಸಂಗತಿ ಹಾಗಿಲ್ಲ. ಮೂಲ ಪ್ರಬಂಧದ ಕರ್ತೃಗಳಲ್ಲೊಬ್ಬನಾದ ಕ್ಲಾರ್ಕ್ ೧೯೬೨ರಲ್ಲಿ ಅದೇ ಪತ್ರಿಕೆಗೆ ಬರೆದ ಎರಡು ಪುಟಗಳ ಟಿಪ್ಪಣಿಯಲ್ಲಿ, ಕಾರ್ಯಗಳ ಕಾಲ ಯಾವ ವಿತರಣೆಯನ್ನು ಅನುಸರಿಸುತ್ತದೆಂಬ ಬಗ್ಗೆ ತನ್ನಲ್ಲಿ ಮಾಹಿತಿಯಿಲ್ಲವೆಂದೂ, ಬೀಟಾ ವಿತರಣೆಯೇ ಯುಕ್ತವೆಂದು ತಾನು ಸೂಚಿಸುತ್ತಿಲ್ಲವೆಂದೂ ಸ್ಪಷ್ಟಪಡಿಸಿದ್ದಾನೆ. ಎರಡು ಕೊನೆಗಳಿರುವ, ನಡುವೆ ಒಂದೇ ಶಿಖರವಿರುವ, ಲೆಕ್ಕಕ್ಕೆ ಒದಗುವ ಒಂದು ವಕ್ರರೇಖೆ ಬೇಕಾಗಿತ್ತು. ಬೀಟಾ ಕೈಗೆ ಸಿಕ್ಕಿತು. ಕರ್ತೃವೇ ಇಷ್ಟು ಪ್ರಾಮಾಣಿಕನಾಗಿರುವಾಗ ಶಿಷ್ಯಪರಂಪರೆ ಅದನ್ನು ಸಿದ್ಧಾಂತವೆಂದು ಸಾರುವುದು ಯುಕ್ತವಲ್ಲ.

ಬೀಟಾ ವಿತರಣೆಯನ್ನು ಒಪ್ಪಿಕೊಂಡರೂ ತೊಡಕು ತೀರುವುದಿಲ್ಲ. ಪರ್ಟ್‌ನ ಸರಾಸರಿಯ ಸೂತ್ರ, ವಿಚಲನೆಯ ಸೂತ್ರ ಈ ಎರಡೂ ಏಕಕಾಲದಲ್ಲಿ ನಿಖರವಾಗಿ ಸರಿಯಾಗಬೇಕಾದರೆ ಬೀಟಾದ ಎರಡು ಪ್ರಾಚಲಗಳು ಯಾವುವಾಗಿರಬೇಕು? ಇದನ್ನು ಸ್ನಾತಕ ವಿದ್ಯಾರ್ಥಿ ಅರ್ಧ ಗಂಟೆಯಲ್ಲಿ ಸಾಧಿಸಬಹುದು. ಸರಾಸರಿಯ ಸೂತ್ರ ನಿಖರವಾಗಬೇಕಾದರೆ ಎರಡು ಪ್ರಾಚಲಗಳ ಮೊತ್ತ ೬ ಆಗಿರಬೇಕು, ಇಲ್ಲವೇ ವಕ್ರರೇಖೆ ಸಮಪಾರ್ಶ್ವವಾಗಿರಬೇಕು. ಸಮಪಾರ್ಶ್ವವಾದರೆ ವಿಚಲನೆಯ ಸೂತ್ರ ಸರಿಹೊಂದುವುದು ಎರಡು ಪ್ರಾಚಲಗಳೂ ೪ ಆದಾಗ ಮಾತ್ರ. ಮೊತ್ತ ೬ ಆದರೆ, ಒಂದು ಪ್ರಾಚಲ ೩ಕ್ಕೆ ೨ರ ವರ್ಗಮೂಲವನ್ನು ಕೂಡಿಸಿದಷ್ಟು, ಇನ್ನೊಂದು ೩ರಲ್ಲಿ ಅದನ್ನು ಕಳೆದಷ್ಟು ಆಗಬೇಕು; ಅಥವಾ ಇವೇ ಅದಲುಬದಲಾಗಬೇಕು. ಅಂದರೆ ಅಸಂಖ್ಯಾತ ಸದಸ್ಯರುಳ್ಳ ಬೀಟಾ ಕುಟುಂಬದಲ್ಲಿ ಕೇವಲ ಮೂವರು ಈ ಸೂತ್ರಗಳಿಗೆ ಒಳಪಡುತ್ತಾರೆ. ಉಳಿದ ಕಡೆ ಸೂತ್ರವು ಒಂದು ಸ್ಥೂಲವಾದ ಅಂದಾಜು. ಸ್ಥೂಲತೆ ತಪ್ಪಲ್ಲ, ಅದನ್ನು ಸ್ಥೂಲವೆಂದು ಹೇಳದಿರುವುದು ತಪ್ಪು. ಸೂತ್ರವನ್ನು ಕಂಠಪಾಠ ಮಾಡಿಸುವ ಬದಲು ಇದೊಂದು ಪ್ರಮೇಯವನ್ನು ಸಾಧಿಸಲು ಹೇಳಿದರೆ ವಿದ್ಯಾರ್ಥಿಗೆ ಬೀಟಾ ವಿತರಣೆಯೂ ತಿಳಿದೀತು, ಸೂತ್ರದ ಮಿತಿಯೂ ತಿಳಿದೀತು.

ಇಷ್ಟಾದರೂ ಇದು ಚಿಕ್ಕ ದೋಷ. ಇದು ಎತ್ತ ಬೇಕಾದರೂ ಬೀಳಬಹುದು. ನಾವು ಆರಂಭದಲ್ಲಿ ಹೇಳಿದ, ಒಂದೇ ಕಡೆಗೆ ವಾಲುವ ದೋಷ ಬೇರೆ ಕಡೆ ಇದೆ. ಅದಕ್ಕೆ ಉದಾಹರಣೆಯೊಂದನ್ನು ಕಲ್ಪಿಸಿಕೊಳ್ಳೋಣ.

ಒಂದು ಕಾಲೇಜಿನ ವಿದ್ಯಾರ್ಥಿನಿಲಯದ ಗೋಡೆ, ಮಾಳಿಗೆಗಳು ಮುಗಿದಿವೆ. ಪ್ರಾರಂಭೋತ್ಸವಕ್ಕೆ ಮುಂಚೆ ವಿದ್ಯುತ್ತಿನ ತಂತಿ ಎಳೆಯುವುದು, ನೀರಿನ ಕೊಳವೆ ಜೋಡಿಸುವುದು, ಬಾಗಿಲು ಕಿಟಕಿಗಳ ಮರಗೆಲಸ ಈ ಮೂರೂ ಆಗಬೇಕು. ಮೂವರು ಮೇಸ್ತ್ರಿಗಳು ಒಂದೇ ದಿನ ಆರಂಭಿಸುತ್ತಾರೆ. ಪ್ರತಿಯೊಂದು ಕೆಲಸಕ್ಕೂ ೮, ೧೦ ಅಥವಾ ೧೨ ವಾರ ಹಿಡಿಯಬಹುದು. ಲೆಕ್ಕ ಸರಳವಾಗಲೆಂದು ಈ ಮೂರಕ್ಕೂ ಸಮಾನ ಸಂಭವನೀಯತೆಯಿದೆಯೆನ್ನೋಣ. ಪ್ರತಿಯೊಂದರ ಸರಾಸರಿ ೧೦ ವಾರ. ಪರ್ಟ್‌ನ ಕ್ರಮದಲ್ಲಿ ಮೂರು ದಾರಿಗಳೂ ೧೦ ವಾರ ಉದ್ದವಾದುವು. ಆದಕಾರಣ ೧೦ ವಾರಗಳಲ್ಲಿ ವಿದ್ಯಾರ್ಥಿನಿಲಯ ಸಿದ್ಧವೆಂದು ಉತ್ತರ ಬರುತ್ತದೆ. ಆದರೆ ಪ್ರಾರಂಭೋತ್ಸವ ಕಾಯುವುದು ಸರಾಸರಿ ಮೇಸ್ತ್ರಿಗಲ್ಲ. ಕಡೆಗೆ ಮುಗಿಸುವ ಮೇಸ್ತ್ರಿಗೆ. ಮೂವರೂ ೧೦ ವಾರದೊಳಗೆ ಮುಗಿಸುವ ಸಂಭವನೀಯತೆ ಮೂರರಲ್ಲಿ ಎರಡನ್ನು ಮೂರು ಸಲ ಗುಣಿಸಿದಷ್ಟು, ಅಂದರೆ ೨೭ರಲ್ಲಿ ೮. ಮೂರರಲ್ಲಿ ಒಂದು ಪಾಲೂ ಇಲ್ಲ. ೨೭ ಸಂದರ್ಭಗಳಲ್ಲಿ ೧ರಲ್ಲಿ ೮ ವಾರ, ೭ರಲ್ಲಿ ೧೦ ವಾರ, ಉಳಿದ ೧೯ರಲ್ಲಿ ೧೨ ವಾರ ಹಿಡಿಯುತ್ತದೆ. ನಿಜವಾದ ಸರಾಸರಿ ೧೧ ವಾರಕ್ಕೆ ಮೂರರಲ್ಲೊಂದು ಪಾಲು ಕೂಡಿಸಿದಷ್ಟು. ಯಾವ ಮೇಸ್ತ್ರಿಯೂ ಸೋಮಾರಿಯಲ್ಲ, ಯಾರ ಅಂದಾಜೂ ಸುಳ್ಳಲ್ಲ. ಆದರೂ ಕೆಲಸ ತಡವಾಗುತ್ತದೆ. ಐದು ಕೆಲಸಗಳಿದ್ದರೆ ೧೦ ವಾರದೊಳಗೆ ಮುಗಿಯುವ ಸಂಭವನೀಯತೆ ೨೪೩ರಲ್ಲಿ ೩೨ಕ್ಕೆ, ಎಂದರೆ ನೂರಕ್ಕೆ ಸುಮಾರು ೧೩ಕ್ಕೆ ಇಳಿಯುತ್ತದೆ.

ಗಣಿತದ ಭಾಷೆಯಲ್ಲಿ ಇದನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ಗರಿಷ್ಠಗಳ ಸರಾಸರಿ ಸರಾಸರಿಗಳ ಗರಿಷ್ಠಕ್ಕಿಂತ ಎಂದಿಗೂ ಕಡಮೆಯಾಗಲಾರದು. ಯೆನ್‌ಸೆನ್ನನ ಅಸಮತೆಯೆಂದು ಎರಡನೆಯ ವರ್ಷದ ಗಣಿತ ವಿದ್ಯಾರ್ಥಿ ಕಲಿತಿರುವುದರ ಒಂದು ವಿಶೇಷ ರೂಪವಿದು. ಇದಕ್ಕೆ ಕಾರ್ಯಗಳು ಪರಸ್ಪರ ಸ್ವತಂತ್ರವಾಗಿರಬೇಕೆಂಬ ನಿಬಂಧನೆಯೂ ಇಲ್ಲ, ಬೀಟಾ ವಿತರಣೆಯ ಹಂಗೂ ಇಲ್ಲ. ಪ್ರತಿಯೊಂದು ಕಾರ್ಯದ ಸರಾಸರಿ ಸರಿಯಾಗಿದ್ದರೂ, ದಾರಿಗಳು ಬಂದು ಕೂಡುವ ಪ್ರತಿಯೊಂದು ಗಂಟಿನಲ್ಲಿಯೂ ಪರ್ಟ್ ಸ್ವಲ್ಪ ಕಾಲವನ್ನು ಬಿಟ್ಟುಬಿಡುತ್ತದೆ. ಜಾಲ ದೊಡ್ಡದಾದಷ್ಟೂ, ಸಮಾನ ಉದ್ದದ ದಾರಿಗಳು ಹೆಚ್ಚಾದಷ್ಟೂ ಬಿಟ್ಟ ಕಾಲ ಬೆಳೆಯುತ್ತದೆ. ಒಂದೇ ದಾರಿ ಉಳಿದವುಗಳಿಗಿಂತ ಬಹಳ ಉದ್ದವಾಗಿದ್ದರೆ ಮಾತ್ರ ಈ ನಷ್ಟ ಅಲ್ಪ. ಆದರೆ ಒಳ್ಳೆಯ ನಿರ್ವಾಹಕನು ಮಾಡುವುದಾದರೂ ಏನು? ಬಿಡುವಿರುವ ದಾರಿಯಿಂದ ಆಳುಗಳನ್ನು ತೆಗೆದು, ಉದ್ದದ ದಾರಿಗೆ ನೆರವಾಗಿ ಕಳುಹಿಸಿ, ಎಲ್ಲ ದಾರಿಗಳನ್ನೂ ಸರಿದೂಗಿಸುತ್ತಾನೆ. ಆ ಸರಿದೂಗಿಸುವಿಕೆಯೇ ಸೂತ್ರವನ್ನು ಹೆಚ್ಚು ಹೆಚ್ಚಾಗಿ ಸುಳ್ಳಾಗಿಸುತ್ತದೆ. ಈ ವಿಪರ್ಯಾಸವನ್ನು ನಿರ್ವಹಣಾಶಾಸ್ತ್ರದ ವಿದ್ಯಾರ್ಥಿಗೆ ಯಾರೂ ಹೇಳದಿರುವುದು ಆಶ್ಚರ್ಯ.

ಕಾರ್ಯಗಳ ಪರಸ್ಪರ ಸ್ವಾತಂತ್ರ್ಯದ ಮಾತು ಬಂದುದರಿಂದ ಅದನ್ನೂ ಇಲ್ಲಿಯೇ ನೋಡಬಹುದು. ವಿಚಲನೆಗಳ ವರ್ಗಗಳನ್ನು ಕೂಡಿಸುವುದಕ್ಕೆ ಒಂದು ಕಾರ್ಯದ ವಿಳಂಬಕ್ಕೂ ಇನ್ನೊಂದರ ವಿಳಂಬಕ್ಕೂ ಸಂಬಂಧವಿಲ್ಲವೆಂದು ಒಪ್ಪಿಕೊಳ್ಳಬೇಕು. ಮಲೆನಾಡಿನಲ್ಲಿ ಮಳೆಗಾಲ ಮುಂದುವರಿದರೆ ತಳಪಾಯದ ಕೆಲಸವೂ ನಿಲ್ಲುತ್ತದೆ, ಇಟ್ಟಿಗೆಯ ಸಾಗಣೆಯೂ ನಿಲ್ಲುತ್ತದೆ, ಹೆಂಚು ಹೊದಿಸುವುದೂ ನಿಲ್ಲುತ್ತದೆ. ಹಣ ಮಂಜೂರಾಗುವುದು ತಡವಾದರೆ ಸಕಲವೂ ತಡ. ಒಂದರ ಹಿಂದೊಂದು ನಡೆಯುವ ಒಂಬತ್ತು ಕಾರ್ಯಗಳಿಗೆ ತಲಾ ೨ ವಾರದ ವಿಚಲನೆಯಿದ್ದರೆ, ಅವು ಸ್ವತಂತ್ರವಾದಾಗ ಒಟ್ಟು ವಿಚಲನೆ ೬ ವಾರ. ಎಲ್ಲವೂ ಒಂದೇ ಕಾರಣಕ್ಕೆ ಏರಿಳಿಯುವುದಾದರೆ ೧೮ ವಾರ. ನ್ಯಾಯವಾಗಿ ಒಂದು ಮಾತನ್ನು ಸೇರಿಸಬೇಕು. ಇಂಥ ಪರಸ್ಪರ ಸಂಬಂಧ ಹೆಚ್ಚಿದಂತೆ ಮೇಲೆ ಹೇಳಿದ ಗಂಟುಗಳಲ್ಲಿನ ನಷ್ಟ ಕಡಮೆಯಾಗುತ್ತದೆ. ಎಲ್ಲರೂ ಒಟ್ಟಿಗೆ ತಡಮಾಡಿದರೆ ಕಡೆಯವನಿಗಾಗಿ ಉಳಿದವರು ಕಾಯುವುದಿಲ್ಲ. ಒಂದು ದೋಷ ತಗ್ಗುವಲ್ಲಿ ಇನ್ನೊಂದು ಏರುತ್ತದೆ. ಯಾವುದು ಎಷ್ಟು ಎಂಬುದನ್ನು ಆಯಾ ಕಾಮಗಾರಿಯನ್ನು ನೋಡಿ ನಿರ್ಧರಿಸಬೇಕೇ ಹೊರತು ಕೋಷ್ಟಕವನ್ನು ನೋಡಿಯಲ್ಲ.

ಇವೆಲ್ಲ ಹೊಸದಾಗಿ ಕಂಡುಹಿಡಿದ ಸಂಗತಿಗಳೆಂದು ವಾಚಕರು ಭಾವಿಸಬಾರದು. ಗಂಟುಗಳಲ್ಲಿ ತಮ್ಮ ಲೆಕ್ಕ ಕಡಮೆಯ ಕಡೆಗೆ ವಾಲುತ್ತದೆಂಬುದನ್ನು ೧೯೫೯ರ ಕರ್ತೃಗಳೇ ಅರಿತಿದ್ದರು. ಕಾರ್ಯಸೌಕರ್ಯಕ್ಕಾಗಿ ಅದನ್ನು ಸಹಿಸಿಕೊಂಡರು. ೧೯೬೧ರಲ್ಲಿ ಕ್ಲಾರ್ಕನು ಪ್ರಸಾಮಾನ್ಯ ವಿತರಣೆಯ ಹಲವು ಚರಗಳ ಗರಿಷ್ಠವನ್ನು ಸಮೀಪವಾಗಿ ಲೆಕ್ಕಹಾಕುವ ಮಾರ್ಗವನ್ನು ಕೊಟ್ಟನು. ೧೯೬೨ರಲ್ಲಿ ಫಲ್ಕರ್ಸನ್ ಪರ್ಟ್‌ನ ಉತ್ತರಕ್ಕಿಂತ ಸತ್ಯಕ್ಕೆ ಹತ್ತಿರವಾದ ಒಂದು ಕೆಳಮಿತಿಯನ್ನು ತೋರಿಸಿದನು. ೧೯೬೩ರಲ್ಲಿ ವ್ಯಾನ್ ಸ್ಲೈಕ್, ಯಾದೃಚ್ಛಿಕ ಸಂಖ್ಯೆಗಳಿಂದ ಕಾಮಗಾರಿಯನ್ನು ಕಾಗದದ ಮೇಲೆ ಸಾವಿರಾರು ಸಲ ನಡೆಯಿಸಿ ನೋಡುವ ಮಾಂಟೆ ಕಾರ್ಲೊ ಕ್ರಮವನ್ನು ಪ್ರಯೋಗಿಸಿದನು. ನಿರ್ಣಾಯಕ ಪಥ ಒಂದೇ ಎಂಬ ಕಲ್ಪನೆಯನ್ನು ಬಿಟ್ಟು, ಪ್ರತಿಯೊಂದು ಕಾರ್ಯವೂ ನೂರರಲ್ಲಿ ಎಷ್ಟು ಸಲ ನಿರ್ಣಾಯಕವಾಗುತ್ತದೆಂದು ಕೇಳುವುದನ್ನು ಕಲಿಸಿದನು. ೧೯೬೪ರಲ್ಲಿ ಮ್ಯಾಕ್‌ಕ್ರಿಮ್ಮನ್ ಮತ್ತು ರ‍್ಯಾವೆಕ್ ಪರ್ಟ್‌ನ ಒಂದೊಂದು ಊಹೆಯನ್ನೂ ಪ್ರತ್ಯೇಕವಾಗಿ ಎತ್ತಿಕೊಂಡು ಪರೀಕ್ಷಿಸಿದರು. ಪೂರ್ಣ ನಿಖರವಾದ ಉತ್ತರ ಸಾಮಾನ್ಯ ಜಾಲಗಳಿಗೆ ಕೈಗೆಟುಕುವಂಥದಲ್ಲವೆಂಬುದಕ್ಕೆ ೧೯೮೮ರಲ್ಲಿ ಹ್ಯಾಗ್‌ಸ್ಟ್ರಾಮ್ ಎಣಿಕೆಯ ಸಮಸ್ಯೆಗಳ ಜಟಿಲತಾಸಿದ್ಧಾಂತದಿಂದ ಆಧಾರ ಒದಗಿಸಿದಳು. ಹೀಗೆ ವಿಧಾನ ಹುಟ್ಟಿದ ಐದು ಆರು ವರ್ಷಗಳಲ್ಲಿಯೇ ಅದರ ವಿಮರ್ಶೆ ಬಹುಮಟ್ಟಿಗೆ ಮುಗಿದಿತ್ತು. ವಿಮರ್ಶೆ ಪತ್ರಿಕೆಯಲ್ಲಿ ಉಳಿಯಿತು; ಸೂತ್ರ ಪಠ್ಯಪುಸ್ತಕಕ್ಕೆ ಬಂದಿತು.

ಇಷ್ಟು ಹೊತ್ತು ನಾವು ಮೂರು ಅಂದಾಜುಗಳನ್ನು ನಂಬಿಯೇ ಮಾತನಾಡಿದೆವು. ಆ ಅಂದಾಜುಗಳು ಹುಟ್ಟುವುದು ಮನುಷ್ಯರ ಮನಸ್ಸಿನಲ್ಲಿ. ಅಲ್ಲಿ ಏನು ನಡೆಯುತ್ತದೆಂಬುದಕ್ಕೆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಂದಲೇ ದೊರೆತ ಒಂದು ಸಾಕ್ಷ್ಯವಿದೆ. ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ೧೯೯೪ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪದವಿಯ ಪ್ರಬಂಧವನ್ನು ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಕೆಲಸ ಎಷ್ಟು ದಿನಗಳಲ್ಲಿ ಮುಗಿದೀತೆಂದು ಕೇಳಿದರು. ಅವರ ವಾಸ್ತವಿಕ ಅಂದಾಜು ಸರಾಸರಿ ೩೩.೯ ದಿನ. ಎಲ್ಲವೂ ಸುಸೂತ್ರವಾಗಿ ನಡೆದರೆ ೨೭.೪ ದಿನ. ಎಲ್ಲವೂ ಕೆಟ್ಟರೆ ೪೮.೬ ದಿನ. ನಿಜವಾಗಿ ಹಿಡಿದದ್ದು ಸರಾಸರಿ ೫೫.೫ ದಿನ. ತಾವೇ ಹೇಳಿದ ವಾಸ್ತವಿಕ ಅವಧಿಯೊಳಗೆ ಮುಗಿಸಿದವರು ನೂರಕ್ಕೆ ಸುಮಾರು ಮೂವತ್ತು ಮಂದಿ.

ಪರ್ಟ್‌ಗೆ ಬೇಕಾದ ಮೂರು ಅಂದಾಜುಗಳೂ ಇಲ್ಲಿ ಸಿದ್ಧವಾಗಿವೆ. ಸೂತ್ರವನ್ನು ಹಾಕಿ ನೋಡೋಣ. ಸರಾಸರಿ ಸುಮಾರು ೩೫.೩ ದಿನ, ವಿಚಲನೆ ಸುಮಾರು ೩.೫ ದಿನ. ನಿಜವಾದ ಕಾಲ ಇದರಿಂದ ಐದೂವರೆ ವಿಚಲನೆಗಳಿಗಿಂತಲೂ ದೂರದಲ್ಲಿದೆ. ಪ್ರಸಾಮಾನ್ಯ ಕೋಷ್ಟಕದ ಪ್ರಕಾರ ಅಂಥದು ಸಂಭವಿಸುವುದು ಹತ್ತು ಕೋಟಿಯಲ್ಲಿ ಒಂದಕ್ಕಿಂತಲೂ ಅಪರೂಪ. ಸರಾಸರಿಗಳನ್ನು ಒಬ್ಬ ವ್ಯಕ್ತಿಯ ಅಂದಾಜುಗಳಂತೆ ಬಳಸುವುದು ಶಾಸ್ತ್ರೀಯವಾಗಿ ಕಟ್ಟುನಿಟ್ಟಲ್ಲವೆಂದು ಬಲ್ಲೆವು. ಇದನ್ನು ಪ್ರಮಾಣವಾಗಿ ಅಲ್ಲ, ನಿದರ್ಶನವಾಗಿ ಮಾತ್ರ ಮುಂದಿಟ್ಟಿದ್ದೇವೆ. ಇಲ್ಲಿ ಗಮನಿಸಬೇಕಾದದ್ದು, 'ಎಲ್ಲವೂ ಕೆಟ್ಟರೆ' ಎಂಬ ಅಂದಾಜನ್ನೂ ವಾಸ್ತವ ಮೀರಿತೆಂಬ ಸಂಗತಿ. ಸೂತ್ರದಲ್ಲಿ ಗರಿಷ್ಠವೆಂದರೆ ಅದರಾಚೆಗೆ ಏನೂ ಇಲ್ಲದ ಕೊನೆ. ಮನುಷ್ಯನ ಬಾಯಲ್ಲಿ ಅದು ಅವನ ಕಲ್ಪನೆ ಹೋಗಬಲ್ಲಷ್ಟು ದೂರ. ಕಾನ್‌ಮನ್ ಮತ್ತು ಟ್ವರ್ಸ್ಕಿ ೧೯೭೯ರಲ್ಲಿಯೇ ಇದರ ಕಾರಣವನ್ನು ವಿವರಿಸಿದ್ದರು: ಅಂದಾಜುಮಾಡುವವನು ಮುಂದಿರುವ ಕೆಲಸದ ವಿವರಗಳನ್ನು ನೋಡುತ್ತಾನೆಯೇ ಹೊರತು, ಅಂಥ ಕೆಲಸಗಳು ಹಿಂದೆ ಎಷ್ಟು ಕಾಲ ಹಿಡಿದವೆಂಬ ದಾಖಲೆಯನ್ನು ನೋಡುವುದಿಲ್ಲ.

ಅಂದಾಜು ಪ್ರಾಮಾಣಿಕವಾಗಿದ್ದೂ ಹೀಗಾಗುತ್ತದೆ. ಪ್ರಾಮಾಣಿಕತೆಯೇ ಇಲ್ಲದಿರುವ ಸಂದರ್ಭಗಳೂ ಉಂಟು. ಫ್ಲುಬ್ಯಾರ್ಗ್ ಎಂಬ ಡೇನಿಷ್ ವಿದ್ವಾಂಸನೂ ಸಂಗಡಿಗರೂ ೨೦೦೨ರಲ್ಲಿ ಹಲವು ದೇಶಗಳ ೨೫೮ ಸಾರಿಗೆ ಕಾಮಗಾರಿಗಳ ವೆಚ್ಚವನ್ನು ಪರಿಶೀಲಿಸಿ, ಹತ್ತರಲ್ಲಿ ಒಂಬತ್ತರಲ್ಲಿ ಅಂದಾಜು ಕಡಮೆಯಾಗಿತ್ತೆಂದು ತೋರಿಸಿದರು. ತಪ್ಪುಗಳು ಅಜ್ಞಾನದಿಂದ ಮಾತ್ರ ಹುಟ್ಟಿದ್ದರೆ ಎರಡು ಕಡೆಗೂ ಬೀಳಬೇಕಾಗಿತ್ತೆಂಬುದು ಅವರ ವಾದ. ಪೊಲಾರಿಸ್‌ನ ಚರಿತ್ರೆಯನ್ನು ಬರೆದ ಸಪೋಲ್‌ಸ್ಕಿ ೧೯೭೨ರ ತನ್ನ ಗ್ರಂಥದಲ್ಲಿ ಇನ್ನೂ ಸ್ವಾರಸ್ಯವಾದ ಸಂಗತಿಯನ್ನು ಹೊರಗೆಡಹಿದ್ದಾನೆ. ಆರಂಭದ ವರ್ಷಗಳಲ್ಲಿ ಕ್ಷಿಪಣಿಯ ಕೆಲಸ ಪರ್ಟ್‌ನಿಂದ ನಡೆಯಲಿಲ್ಲ. ತಂತ್ರಜ್ಞರು ಅದನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ಮೇಲಿನವರೂ ಹೊರಗಿನವರೂ ತಮ್ಮ ಕೆಲಸದಲ್ಲಿ ಕೈಹಾಕದಂತೆ ತಡೆಯುವುದಕ್ಕೆ, ತಮ್ಮಲ್ಲಿ ಅತ್ಯಾಧುನಿಕ ನಿರ್ವಹಣಾ ವಿಜ್ಞಾನವಿದೆಯೆಂದು ತೋರಿಸಿಕೊಳ್ಳುವುದಕ್ಕೆ ಆ ಜಾಲದ ಚಿತ್ರಗಳು ಒದಗಿದುವು. ಯಾವ ಯಶಸ್ಸಿನ ಬಲದಿಂದ ಈ ಪಾಠ ತರಗತಿಗೆ ಬಂದಿತೋ ಆ ಯಶಸ್ಸಿಗೆ ಅದು ಕಾರಣವೇ ಆಗಿರಲಿಲ್ಲವೆಂದರೆ, ಪಠ್ಯಪುಸ್ತಕದ ಪೀಠಿಕೆಯಲ್ಲಿ ಆ ಕಥೆಯನ್ನು ಬರೆಯುವಾಗ ಎಚ್ಚರ ಬೇಕು.

ಈಗ ಬೋಧನೆಯ ವಿಚಾರ. ಈ ವಿಷಯವನ್ನು ನಮ್ಮ ವಿದ್ಯಾರ್ಥಿಗಳಿಗೆ ಒದಗಿಸಿಕೊಟ್ಟವರ ಸೇವೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಎಲ್. ಎಸ್. ಶ್ರೀನಾಥರು ಪರ್ಟ್ ಮತ್ತು ನಿರ್ಣಾಯಕ ಪಥ ವಿಧಾನಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಚಿಕ್ಕ ಪುಸ್ತಕವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಹುಕಾಲದಿಂದ ಓದುತ್ತ ಬಂದಿದ್ದಾರೆ. ನಮ್ಮ ಆಕ್ಷೇಪಣೆ ಪುಸ್ತಕಗಳ ಮೇಲಲ್ಲ. ವಿಭಾಗಗಳ ನಡುವೆ ಹಂಚಿಹೋಗಿರುವ ಹೊಣೆಯ ಮೇಲೆ. ಗಣಿತ ವಿಭಾಗದಲ್ಲಿ ಮೂರು ಅಂದಾಜುಗಳನ್ನು ಪ್ರಶ್ನಪತ್ರಿಕೆಯೇ ಕೊಡುತ್ತದೆ; ಅವು ಬಂದದ್ದೆಲ್ಲಿಂದ ಎಂದು ಕೇಳುವುದು ನಿರ್ವಹಣಾಶಾಸ್ತ್ರದ ಕೆಲಸವೆಂದು ಅಲ್ಲಿಯವರು ಭಾವಿಸುತ್ತಾರೆ. ನಿರ್ವಹಣಾ ವಿಭಾಗದಲ್ಲಿ ಸೂತ್ರವನ್ನು ಗಣಿತಜ್ಞರು ಸಾಧಿಸಿಟ್ಟದ್ದೆಂದು ನಂಬಿ ಅದರ ಒಳಗೆ ಇಣುಕುವುದಿಲ್ಲ. ಗಣಿತದವರು ಸಂಖ್ಯೆಯನ್ನು ನಂಬಿದರು, ನಿರ್ವಹಣೆಯವರು ಸೂತ್ರವನ್ನು ನಂಬಿದರು. ಎರಡನ್ನೂ ಕಲಿತ ವಿದ್ಯಾರ್ಥಿಯಾದರೂ ಅನುಮಾನಪಡಬೇಕಾಗಿತ್ತು; ಅವನಿಗೆ ಎರಡು ಕಡೆಯಿಂದಲೂ ನಂಬಿಕೆಯೇ ದೊರೆಯಿತು.

ಪರೀಕ್ಷಾಪದ್ಧತಿ ಈ ಸ್ಥಿತಿಯನ್ನು ಭದ್ರಪಡಿಸಿದೆ. ಮೂರು ಸಂಖ್ಯೆ ಕೊಟ್ಟು ನಾಲ್ಕನೆಯದನ್ನು ತೆಗೆಯಿರೆಂಬ ಪ್ರಶ್ನೆಗೆ ಉತ್ತರ ಒಂದೇ. ಅಂಕಗಳನ್ನು ಹಂಚುವುದು ಸುಲಭ, ಪುನರ್ಮೌಲ್ಯಮಾಪನದಲ್ಲಿ ವಿವಾದ ಹುಟ್ಟುವುದಿಲ್ಲ. 'ಈ ಉತ್ತರ ಯಾವ ದಿಕ್ಕಿಗೆ ತಪ್ಪಾಗಿರಬಹುದು, ಏಕೆ?' ಎಂದು ಕೇಳಿದರೆ ಮೌಲ್ಯಮಾಪಕನು ಓದಬೇಕಾಗುತ್ತದೆ.

ಇದಕ್ಕೆ ಎರಡು ಸಮಾಧಾನಗಳನ್ನು ಹೇಳುವವರಿದ್ದಾರೆ. ಅಂದಾಜುಗಳೇ ಒರಟಾಗಿರುವಾಗ ಸೂತ್ರದ ಸೂಕ್ಷ್ಮದೋಷಗಳಿಂದೇನು ಎಂಬುದು ಒಂದು. ಒರಟಾದ ಅಂದಾಜುಗಳ ತಪ್ಪುಗಳು ಪರಸ್ಪರ ತೊಡೆದುಹಾಕಿಕೊಳ್ಳಬಹುದೆಂಬ ಭರವಸೆಯಿಂದ ಹುಟ್ಟುವ ಮಾತಿದು. ಇಲ್ಲಿ ತೊಡೆದುಹಾಕಿಕೊಳ್ಳುವುದಿಲ್ಲ. ಅಂದಾಜುಮಾಡುವವನೂ ಬೇಗವೆನ್ನುತ್ತಾನೆ, ಸೂತ್ರವೂ ಬೇಗವೆನ್ನುತ್ತದೆ. ಎರಡೂ ಒಂದರ ಮೇಲೊಂದು ಬೀಳುತ್ತವೆ. ಆರಂಭದ ವಿದ್ಯಾರ್ಥಿಗೆ ಇಷ್ಟು ಸಾಕು, ಉಳಿದುದು ಸಂಶೋಧಕರಿಗೆ ಎಂಬುದು ಇನ್ನೊಂದು ಸಮಾಧಾನ. ಆದರೆ ಈ ಪಾಠವನ್ನು ಕಲಿತವರಲ್ಲಿ ಸಂಶೋಧಕರಾಗುವವರು ವಿರಳ. ಬಹುಮಂದಿ ನೀರಾವರಿ, ರಸ್ತೆ, ವಸತಿ ಇಲಾಖೆಗಳಲ್ಲಿ, ಖಾಸಗಿ ಕಂಪನಿಗಳಲ್ಲಿ ಕಾಮಗಾರಿಯ ವೇಳಾಪಟ್ಟಿಗೆ ರುಜು ಹಾಕುವವರಾಗುತ್ತಾರೆ. ಆ ರುಜುವಿನ ಆಧಾರದ ಮೇಲೆ ಗುತ್ತಿಗೆದಾರನಿಗೆ ದಂಡ ನಿಗದಿಯಾಗುತ್ತದೆ. ಗಡುವು ಸಮೀಪಿಸಿದಾಗ ಕೂಲಿಕಾರರು ರಾತ್ರಿಪಾಳಿಯಲ್ಲಿ ದುಡಿಯುತ್ತಾರೆ, ಗಾರೆ ಆರುವ ಮುಂಚೆ ಬಣ್ಣ ಬೀಳುತ್ತದೆ. ಕಾಲುವೆಯ ನೀರು ಮುಂಗಾರಿಗೆ ಬಂದೀತೆಂದು ಬಿತ್ತನೆಗೆ ಸಾಲ ಮಾಡಿದ ರೈತನಿಗೆ ನಿರ್ಣಾಯಕ ಪಥದ ಹೆಸರು ಕೂಡ ಗೊತ್ತಿರುವುದಿಲ್ಲ. ದಿನಾಂಕ ತಪ್ಪಿದಾಗ ಎಲ್ಲರೂ ಮೇಸ್ತ್ರಿಯ ಸೋಮಾರಿತನವನ್ನು ದೂರುತ್ತಾರೆ. ಮೇಸ್ತ್ರಿ ನಿರಪರಾಧಿಯಾಗಿದ್ದೂ ದಿನಾಂಕ ತಪ್ಪುವುದು ಹೇಗೆಂಬುದನ್ನು ವಿದ್ಯಾರ್ಥಿನಿಲಯದ ಉದಾಹರಣೆಯಲ್ಲಿ ಕಂಡೆವು.

ಪರ್ಟ್ ಅನ್ನು ಪ[ಠ್ಯಕ್ರಮದಿಂದ ತೆಗೆದುಹಾಕಬೇಕೆಂದು ನಾವು ಹೇಳುವುದಿಲ್ಲ. ಕೆಲಸಗಳ ಪೂರ್ವಾಪರವನ್ನು ಜಾಲವಾಗಿ ಬರೆಯುವುದು ನಿಜವಾದ ಲಾಭ. ಬರೆಯುವಾಗಲೇ ಮರೆತ ಕಾರ್ಯಗಳು ನೆನಪಿಗೆ ಬರುತ್ತವೆ. ಒಂದು ಸಂಖ್ಯೆಯ ಬದಲು ಮೂರನ್ನು ಕೇಳಿ ಅನಿಶ್ಚಯವನ್ನು ಬಾಯಿಬಿಟ್ಟು ಹೇಳಿಸಿದ್ದೂ ಅದರ ಹಿರಿಮೆಯೇ. ಗಣಕಯಂತ್ರಗಳು ಅಪೂರ್ವವಾಗಿದ್ದ ೧೯೫೯ರಲ್ಲಿ ಅದರ ಕರ್ತೃಗಳು ಮಾಡಿದ ಸರಳೀಕರಣ ಕ್ಷಮ್ಯ. ಇಂದು ವಿದ್ಯಾರ್ಥಿಯ ಮೇಜಿನ ಮೇಲಿರುವ ಯಂತ್ರ ವ್ಯಾನ್ ಸ್ಲೈಕನ ಕ್ರಮವನ್ನು ಕೆಲವು ಕ್ಷಣಗಳಲ್ಲಿ ಮಾಡಿ ಮುಗಿಸುತ್ತದೆ. ಆದುದರಿಂದ ಮೊದಲು ಮೂವರು ಮೇಸ್ತ್ರಿಗಳ ಲೆಕ್ಕವನ್ನು ಕೈಯಲ್ಲಿ ಮಾಡಿಸಿ, ಆಮೇಲೆ ಸೂತ್ರವನ್ನು ಹೇಳಿ, ಅನಂತರ ಅದೇ ಜಾಲವನ್ನು ಯಂತ್ರದಲ್ಲಿ ಹತ್ತು ಸಾವಿರ ಸಲ ಓಡಿಸಿ ಎರಡು ಉತ್ತರಗಳನ್ನೂ ಪಕ್ಕಪಕ್ಕದಲ್ಲಿ ಬರೆಯಿಸುವುದು ಯುಕ್ತವಾದ ಕ್ರಮವೆಂದು ತೋರುತ್ತದೆ. ಇದಕ್ಕೆ ಹೆಚ್ಚೆಂದರೆ ಇನ್ನು ಎರಡು ಗಂಟೆಗಳು ಸಾಕು.

ಅಂದಾಜುಗಳ ವಿಚಾರದಲ್ಲಿ ಯಂತ್ರ ನೆರವಾಗದು. ಅಲ್ಲಿ ಬೇಕಾಗುವುದು ದಾಖಲೆ. ಸ್ನಾತಕೋತ್ತರ ವಿದ್ಯಾರ್ಥಿ ತನ್ನ ಪ್ರಬಂಧವನ್ನು ಆರಂಭಿಸುವ ದಿನ ಮೂರು ಅಂದಾಜುಗಳನ್ನು ಬರೆದು ಲಕೋಟೆಯಲ್ಲಿ ಮುಚ್ಚಿ ವಿಭಾಗದ ಕಚೇರಿಗೆ ಕೊಡಬಹುದು. ಪ್ರಬಂಧವನ್ನು ಒಪ್ಪಿಸುವ ದಿನ ಅದನ್ನು ಅವನ ಮುಂದೆಯೇ ಒಡೆದು, ಹೆಸರನ್ನು ಬಿಟ್ಟು, ನಾಲ್ಕು ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಕಾಲೇಜಿನ ಕಟ್ಟಡಗಳ ಕಡತಗಳಲ್ಲಿ ನಿಗದಿಯಾದ ದಿನಾಂಕಗಳೂ ಕೆಲಸ ಮುಗಿದ ದಿನಾಂಕಗಳೂ ಇದ್ದೇ ಇರುತ್ತವೆ. ಅವನ್ನೂ ಅದೇ ಪುಸ್ತಕಕ್ಕೆ ಸೇರಿಸಬಹುದು. ಮುಂದಿನ ವರ್ಷ ಪರ್ಟ್ ಪಾಠಕ್ಕೆ ಬರುವ ವಿದ್ಯಾರ್ಥಿಗಳಿಗೆ ಅಭ್ಯಾಸಗಣಿತದ ಸಂಖ್ಯೆಗಳನ್ನು ಆ ಪುಸ್ತಕದಿಂದಲೇ ಕೊಡಬಹುದು.